ಮೇಷ್ಟ್ರ ಮನೆಯವರು

ಭಾನುವಾರ ರಾತ್ರಿ ಎಂಟು ಗಂಟೆಗೆ ಹಿನೋಸಾವಾ ಊರಿನ ಸಮುದಾಯ ಭವನದಲ್ಲಿ ಟಿವಿ ಹಾಕಿದಾಗ, ಬರಬಾರದೆಂದು ಎಲ್ಲರೂ ಬಯಸಿದ್ದ ಒಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಎಂಬತ್ತೊಂದರ ಹಿಸಾ. ತೀರಿಕೊಂಡ ಬೇಸ್‌ಬಾಲ್ ಕೋಚ್ ಮಿಕಾಮಿ ಮೇಷ್ಟ್ರ ಹೆಂಡತಿ. ಕೈಯಲ್ಲಿ ಎಂದಿನ ಮರದ ಡಬ್ಬಿ, ಅದರ ತುಂಬ ಅನ್ನದುಂಡೆ.

ಮೇಷ್ಟ್ರ ಹಳೆಯ ಶಿಷ್ಯ ಕುಡೋ, ಜೊತೆಗಾರ ನರಿತಾನ ಮುಖ ನೋಡಿದ. ಈ ಸಂಜೆ ಅವರನ್ನು ಬಿಸಿನೀರಿನ ಬುಗ್ಗೆಗೆ ಕರೆದೊಯ್ಯುವ ಹೊಣೆ ನರಿತಾನ ಹೆಂಡತಿಯದಾಗಿತ್ತು. ಬಿಸಿನೀರಿಗಿಳಿದರೆ ರಕ್ತದೊತ್ತಡ ಏರುತ್ತದೆ, ಬೇಕಾದರೆ ನೀನೇ ಹೋಗಿ ಬಾ ಎಂದು ಹಿಸಾ ಅವಳೊಬ್ಬಳನ್ನೇ ಬಸ್ಸು ಹತ್ತಿಸಿ ಬಂದಿದ್ದರು.

ಅವರನ್ನು ದೂರವಿಡುವುದಕ್ಕೆ ಕಾರಣವಿತ್ತು. ಊರಿನ ಪುಟ್ಟ ಶಾಲೆ ಜಿಲ್ಲೆಯ ಫೈನಲ್‌ವರೆಗೆ ಹೋದ ಆ ವರ್ಷದ ಬಗ್ಗೆ ಒಂದು ಕಾದಂಬರಿ ಬಂದಿತ್ತು. ಈಗ ಅದು ಧಾರಾವಾಹಿ, ಇಂದು ಮೊದಲ ಕಂತು. ಅದರಲ್ಲಿ ಮೇಷ್ಟ್ರು ಹುಡುಗರ ಕೆನ್ನೆಗೆ ಬಾರಿಸುತ್ತಾರೆ. ಬಾರಿಸಿದ್ದು ನಿಜ. ಆದರೆ ಗಂಡ ಊರ ಮುಂದೆ ಹಾಗೆ ಕಾಣುವುದನ್ನು ಈ ವಯಸ್ಸಿನಲ್ಲಿ ಅವರೇಕೆ ನೋಡಬೇಕು? ಆ ತಂಡದಲ್ಲಿ ನರಿತಾ ಚೆಂಡೆಸೆಯುವ ಪಿಚರ್, ಕುಡೋ ಅದನ್ನು ಹಿಡಿಯುವ ಕ್ಯಾಚರ್. ಕುಡೋ ಈಗ ಇದೇ ಭವನದ ಉಸ್ತುವಾರಿ, ನರಿತಾನದು ಮೀನಿನ ಅಂಗಡಿ. ಟಿವಿಯವರು ಚಿತ್ರಕಥೆಯನ್ನು ಮೊದಲೇ ಕಳಿಸಿ ತಪ್ಪು ತಿದ್ದಿಸಿಕೊಂಡದ್ದು ಕುಡೋನಿಂದ. ಬ್ಯಾಟು ಹಿಡಿಯುವ ರೀತಿ, ಮೈದಾನಕ್ಕಿಳಿಯುವ ಮುನ್ನ ತಲೆಬಾಗುವ ರೀತಿ, ಎಲ್ಲಕ್ಕೂ ಅವನು ಕೆಂಪು ಗೆರೆ ಎಳೆದಿದ್ದ.

ಹೊಡೆತದ ದೃಶ್ಯ ಬರುತ್ತಿದ್ದಂತೆ ನರಿತಾ ಚಹಾ ತರುವ ನೆಪದಲ್ಲಿ ಎದ್ದು ಟಿವಿಗೆ ಅಡ್ಡ ನಿಂತ. ಅವನ ಬೆನ್ನು ಅರ್ಧ ಪರದೆ ಮುಚ್ಚುವಷ್ಟು ಅಗಲ.

"ಕೂತ್ಕೊಳಪ್ಪ," ಎಂದರು ಹಿಸಾ. "ನನಗೇನು ಗೊತ್ತಿಲ್ಲದ್ದಾ? ಊದಿದ ನಿನ್ನ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿದ್ದು ಯಾರು?"

ನರಿತಾ ಕುಳಿತ. ಹಿಸಾ ಪರದೆಯ ಮೇಲಿನ ಹೊಡೆತಗಳನ್ನು ಕಣ್ಣು ಮಿಟುಕಿಸದೆ ನೋಡಿದರು. ನಟ ನೋಡಲು ಚೆನ್ನಾಗಿದ್ದಾನೆ, ನಮ್ಮವರಿಗೆ ಅಷ್ಟು ಕೂದಲಿರಲಿಲ್ಲ ಎಂದು ಪಕ್ಕದವಳಿಗೆ ಹೇಳಿದ್ದೂ ಕೇಳಿಸಿತು. ಕುಡೋ, ಗಂಡಾಂತರ ಕಳೆಯಿತು ಎಂದುಕೊಂಡು ಒಂದು ಅನ್ನದುಂಡೆ ಎತ್ತಿಕೊಂಡ.

ಕೊನೆಯ ದೃಶ್ಯದಲ್ಲಿ, ಪಂದ್ಯ ಸೋತ ಮೇಷ್ಟ್ರು ಕತ್ತಲೆ ಮನೆಗೆ ಬಂದು ದೀಪ ಹಾಕಿದರು. ತೀರಿಕೊಂಡವರ ಫೋಟೊ ಇಡುವ ಬುದ್ಧನ ಗೂಡಿನ ಮುಂದೆ ಮಂಡಿಯೂರಿ ಕುಳಿತು ಊದುಬತ್ತಿ ಹಚ್ಚಿ, ಪುಟ್ಟ ಗಂಟೆಯನ್ನು ಒಮ್ಮೆ ಬಡಿದರು. ಗೂಡಿನಲ್ಲಿ ಒಬ್ಬ ಹೆಂಗಸಿನ ಫೋಟೊ.

"ಇವತ್ತೂ ಸೋತ್ವಿ ಕಣೇ," ಎಂದರು ಪರದೆಯ ಮೇಷ್ಟ್ರು. "ನೀನಿದ್ದಿದ್ರೆ ಹುಡುಗರಿಗೆ ಬಿಸಿಯಾಗಿ ಏನಾದ್ರೂ ಮಾಡಿಹಾಕ್ತಿದ್ದೆ. ಊಟ ಚೆನ್ನಾಗಿದೆ ಅಂತ ನಾನು ಒಂದು ದಿನಾನೂ ಹೇಳ್ಲಿಲ್ಲ."

ಹಿಸಾ ಮುಂದಕ್ಕೆ ಬಾಗಿದರು. "ಕುಡೋ, ಆ ಫೋಟೊದಲ್ಲಿರೋದು ಯಾರು?"

"ಅದು... ಮೇಷ್ಟ್ರ ಮನೆಯವರು."

"ಅಂದ್ರೆ ನಾನು?"

ಕುಡೋ ಹೌದೆಂದು ತಲೆಯಾಡಿಸಿದ.

"ನಾನು ಯಾವಾಗ ಸತ್ತೆ?"

"ಕಥೆ ಶುರುವಾಗೋ ಮುಂಚೇನೇ, ಅಮ್ಮಾವ್ರೇ. ಹೊಟ್ಟೆ ಕಾಯಿಲೆ."

ಕಾದಂಬರಿಯಲ್ಲಿ ಆಕೆ ಎರಡು ವಾಕ್ಯದಷ್ಟಾದರೂ ಬದುಕಿದ್ದರು: ಡಬ್ಬಿ ತಂದರು, ಇಟ್ಟು ಹೋದರು. ಮೇಷ್ಟ್ರು ಒಂಟಿಯಾದರೆ ಕಥೆ ಮನಸ್ಸಿಗೆ ತಟ್ಟುತ್ತದೆಂದು ಟಿವಿಯವರು ಅದನ್ನೂ ತೆಗೆದಿದ್ದರು. ಕುಡೋ ಆ ಪುಟ ಓದಿದ್ದ. ಮೂರು ವರ್ಷ ದಿನಾ ಸಂಜೆ ಆ ಡಬ್ಬಿಯಿಂದಲೇ ತಿಂದವನು ಅಲ್ಲಿ ಒಂದು ಗೆರೆಯನ್ನೂ ಎಳೆದಿರಲಿಲ್ಲ.

"ನೀನೇ ತಿದ್ದಿದ್ದಂತೆ."

"ಆಟದ ತಪ್ಪು ಮಾತ್ರ ನೋಡಿದೆ."

"ಇದು ತಪ್ಪು ಅಂತ ಅನ್ನಿಸಲೇ ಇಲ್ವೇನೋ?"

ಕುಡೋನ ಕೈಯಲ್ಲಿ ಅರ್ಧ ತಿಂದ ಅನ್ನದುಂಡೆ ಇತ್ತು. ಅದನ್ನು ಕೆಳಗಿಡುವುದೋ ಬಾಯಿಗೆ ಹಾಕಿಕೊಳ್ಳುವುದೋ ಅವನಿಗೆ ತಿಳಿಯಲಿಲ್ಲ.

ಪರದೆಯ ಮೇಲೆ ಮೇಷ್ಟ್ರು ಇನ್ನೂ ಮಾತಾಡುತ್ತಲೇ ಇದ್ದರು. ಫೈನಲ್‌ಗೆ ಹೋದರೆ ಮೊದಲು ನಿನಗೇ ಬಂದು ಹೇಳುತ್ತೇನೆ ಎನ್ನುತ್ತಿದ್ದರು. ಹಿಸಾ ಕೊನೆಯವರೆಗೂ ಕೇಳಿದರು.

"ನಾನು ಸತ್ತಮೇಲೆ ಎಷ್ಟು ಮಾತಾಡ್ತಾರೆ ನೋಡು," ಎಂದರು. "ನಾನಿದ್ದಾಗ ಊಟ, ಸ್ನಾನ, ಹಾಸಿಗೆ. ಮೂರೇ ಮಾತು. ಫೈನಲ್‌ಗೆ ಹೋಗಿದ್ದು ನನಗೆ ಗೊತ್ತಾಗಿದ್ದು ಮೀನಿನಂಗಡೀಲಿ."

ನರಿತಾ ತಲೆ ತಗ್ಗಿಸಿದ. ಅಂಗಡಿಯಲ್ಲಿ ಅದನ್ನು ಹೇಳಿದವರು ಅವನ ತಾಯಿ.

"ಪ್ರತಿ ವಾರ ಹೀಗೆ ಗೂಡಿನ ಮುಂದೆ ಕೂರ್ತಾರಾ?"

"ಹೌದು. ಪ್ರತಿ ಕಂತಿನ ಕೊನೇಲಿ."

"ಒಳ್ಳೇದಾಯ್ತು."

ಬೇಕಾದರೆ ಟಿವಿಯವರಿಗೆ ಬರೆದು ಆಕ್ಷೇಪ ಹೇಳುತ್ತೇನೆ, ಇನ್ನೂ ಸಮಯವಿದೆ ಎಂದು ಕುಡೋ ತಡವರಿಸಿದ. ಬೇಡ, ಈಗ ನನ್ನನ್ನು ಬದುಕಿಸಿದರೆ ನಮ್ಮವರು ಮತ್ತೆ ಬಾಯಿ ಮುಚ್ಚಿಬಿಡುತ್ತಾರೆ ಎಂದು ಹಿಸಾ ಖಾಲಿ ಡಬ್ಬಿಗೆ ಬಟ್ಟೆ ಸುತ್ತಿ ಎದ್ದರು.

ಮುಂದಿನ ಭಾನುವಾರ ಅವರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಯಾರೋ ಕೇಳಿದ್ದಕ್ಕೆ, ಸತ್ತವರು ಅಡುಗೆ ಮಾಡುವುದಿಲ್ಲ ಎಂದರು. ಅನ್ನದುಂಡೆ ಕಟ್ಟಿಕೊಂಡು ಬಂದವರು ಕುಡೋ ಮತ್ತು ನರಿತಾ. ಒಂದಕ್ಕೂ ಸರಿಯಾದ ಆಕಾರ ಬಂದಿರಲಿಲ್ಲ, ಉಪ್ಪು ಹೆಚ್ಚಾಗಿತ್ತು. ಹಿಸಾ ಎರಡು ತಿಂದರು.