ಸಾಸಿವೆಯಷ್ಟು ಸ್ಕ್ರೂ

ಗಡಿಯಾರದ ಚಕ್ರ ತೊಳೆಯಲು ಬಟ್ಟಲಿಗೆ ಪೆಟ್ರೋಲ್ ಸುರಿದಾಗಲೆಲ್ಲ ಚಿಕ್ಕಂದಿನಲ್ಲಿ ಹೂಲಿ ಊರಲ್ಲಿ ಕಳೆದ ಆ ಮಧ್ಯಾಹ್ನ ನೆನಪಾಗುತ್ತದೆ.

ಶಾಲಾ ಮಾಸ್ತರರಾಗಿದ್ದ ಕಾಕಾ ರವಿವಾರ ಹವ್ಯಾಸಕ್ಕೆಂದು ಕೈಗಡಿಯಾರ ಬಿಚ್ಚುತ್ತಿದ್ದರು. ಬಿದ್ದದ್ದು ಕಾಣಲೆಂದು ಬಿಳಿ ಧೋತರ ಹಾಸಿಕೊಂಡಿರುತ್ತಿದ್ದರು. ಅಂದು ಅವರು ನೀರು ಕುಡಿಯಲು ಎದ್ದಾಗ ನಾನು ಸಾಸಿವೆಯಷ್ಟು ಸ್ಕ್ರೂ ಒಂದನ್ನು ಮುಟ್ಟಿದೆ. ಅದು ಬೆರಳಿಗೆ ಅಂಟಿ, ಕೊಡವಿದಾಗ ಎಲ್ಲೋ ಸಿಡಿದುಹೋಯಿತು.

ಕಾಕಾ ಮೊಣಕಾಲೂರಿ ಧೋತರವೆಲ್ಲ ತಡಕಾಡಿದರು. "ನೀ ಏನರ ಮುಟ್ಟಿದೇನೋ?"

"ಇಲ್ಲ ಕಾಕಾ."

ಒಳಗಿನಿಂದ ಅವರ ಹೆಂಡತಿ ಕಾಕು ನಕ್ಕಳು: "ಮಾಸ್ತರ್‌ಗೆ ವಯಸ್ಸಾತು. ಚಸ್ಮಾ ಬದಲಿ ಮಾಡ್ರಿ!"

ಕಾಕಾ ನಗಲಿಲ್ಲ. "ಖರೇನ ಐತಿ. ನನ್ನ ಕಣ್ಣ ಇನ್ನ ಈ ಕೆಲಸಕ್ಕ ಸಾಲೂದಿಲ್ಲ." ಚಿಮಟ, ಭೂತಗನ್ನಡಿ ಎಲ್ಲವನ್ನೂ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು. "ನಿನ್ನ ಕಣ್ಣ ಚೊಲೊ ಅದಾವು. ನೀ ಕಲಿ, ತಮ್ಮಾ."

ಆಮೇಲೆ ಅವರು ಮತ್ತೊಂದು ಗಡಿಯಾರ ಬಿಚ್ಚಲಿಲ್ಲ. ಸ್ಕ್ರೂ ಕಳೆದದ್ದು ನನ್ನಿಂದಲೇ ಎಂದು ಒಪ್ಪಿಕೊಂಡರೆ ಡಬ್ಬಿ ವಾಪಸು ಹೋಗುತ್ತದೆಂದು ನಾನು ಸುಮ್ಮನಿದ್ದೆ. ಅವರು ಬದುಕಿರುವವರೆಗೂ ಸುಮ್ಮನಿದ್ದೆ.