ಹಣೆಯ ವಿಭೂತಿ

ವಿಭೂತಿಗಟ್ಟಿಯನ್ನು ನೀರು ಹಚ್ಚಿ ಉಜ್ಜಿದಾಗ ಏಳುವ ವಾಸನೆ ಇವತ್ತಿಗೂ ನನ್ನನ್ನು ಬಂದರಿನ ಪಕ್ಕದ ನಮ್ಮ ಸಡಾ ಬಡಾವಣೆಯ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಶರಣರಿಗೆ ಜಾತಿಯಿರಲಿಲ್ಲ, ಲಿಂಗವನ್ನು ಯಾರು ಬೇಕಾದರೂ ಕಟ್ಟಿಕೊಳ್ಳಬಹುದು ಎಂದು ಅಪ್ಪ ಹಿಂದಿನ ದಿನ ಜಯಂತಿಯ ಸಭೆಯಲ್ಲಿ ಭಾಷಣ ಮಾಡಿದ್ದರು. ಅದನ್ನು ನಂಬಿದ ಬಂದರಿನ ಹಮಾಲ ದುರಗಪ್ಪ, ಮಗಳಿಗೆ ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಬಳಿದು ನಮ್ಮ ಮನೆಗೆ ಕರೆತಂದಿದ್ದ. ಅವಳು ನನ್ನದೇ ತರಗತಿಯವಳು.

"ನಮ್ಮ ಹುಡುಗಿಗೂ ಲಿಂಗ ಕಟ್ರೀ, ಸಾಹೇಬ್ರ."

ಅಪ್ಪ ನಕ್ಕರು. "ಭಾಷಣ ಕೇಳಿ ಸೀದಾ ಮನಿಗೇ ಬಂದ್ಯಾ? ಮೊದಲ ಆ ಹಣಿ ಒರಸು."

ಅವ್ವ ನೆಲ ಒರೆಸುವ ಬಟ್ಟೆಯನ್ನು ಹೊಸ್ತಿಲಾಚೆ ಎಸೆದಳು. ದುರಗಪ್ಪ ತಾನೇ ಮಗಳ ಹಣೆ ಒರೆಸಿದ. ಬಂದರಿನಿಂದ ಹಾರಿಬಂದು ಬಟ್ಟೆಗೆ ಹತ್ತಿದ್ದ ಅದಿರಿನ ಕೆಂಪು ಧೂಳು ಅವಳ ಹಣೆಗೆ ಮೆತ್ತಿತು. "ತಪ್ಪಾತ್ರೀ," ಎಂದ.

ಮರುವರ್ಷವೂ ಅಪ್ಪ ಅದೇ ಭಾಷಣ ಮಾಡಿದರು. ಕುರ್ಚಿ ಹಾಕಲು ದುರಗಪ್ಪನನ್ನೇ ಕರೆಸಿದ್ದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನೂ ಅವನೇ.