ಆರನೇ ಪೀಳಿಗೆಯ ಕಳ್ಳ

ರಾಜೇಂದ್ರ ಸೀನನ ಚೀಲವನ್ನು ಮೇಜಿನ ಮೇಲೆ ಸುರಿಸಿದ. ಜೇಬು ತಡಕಾಡಿದ. ಕೊನೆಗೆ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದ. ಚಿತ್ರಾನ್ನ ಬಿಟ್ಟರೆ ಏನೂ ಸಿಗಲಿಲ್ಲ.

“ಎಲ್ಲಿಟ್ಟಿದ್ದೀಯ, ಹೇಳ್ಬಿಡು.”

“ಏನನ್ನ ಸಾರ್?”

“ನಾಟಕ ಬೇಡ. ಕದ್ದು ಬರ್ಕೊಂಡಿರೋ ಚೀಟಿ.”

ಪಟ್ಟಂದೂರು ಅಗ್ರಹಾರದ ಪಕ್ಕದ ಗಾಜಿನ ಕಟ್ಟಡವೊಂದರಲ್ಲಿ, ಸದಾ ಬಾಗಿಲು ಮುಚ್ಚಿರುವ ಒಂದು ಕೋಣೆಯಲ್ಲಿ, ರಾಜೇಂದ್ರನ ತಂಡ ವಿಡಿಯೊ ಗೇಮೊಂದನ್ನು ಪರೀಕ್ಷಿಸುತ್ತಿತ್ತು. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಟಕ್ಕೆ ಬಿಡುವ ಆಟ. ಬಹಳ ವರ್ಷಗಳಿಂದ ನಡೆದುಬಂದದ್ದು. ಕೆಲವು ವರ್ಷಗಳಿಗೊಮ್ಮೆ ಹೊಸ ಪ್ರಾಣಿಗಳ ದಂಡು ಬರುತ್ತಿತ್ತು; ಅದಕ್ಕೆ ಪೀಳಿಗೆ ಎಂದು ಹೆಸರು. ಈಗ ಬರಲಿರುವುದು ಆರನೆಯದು. ಬಿಡುಗಡೆಯಾಗುವವರೆಗೆ ಒಂದು ಪ್ರಾಣಿಯ ಬಾಲವೂ ಹೊರಗಿನವರಿಗೆ ಕಾಣಬಾರದೆಂದು ಕರಾರು. ಆದರೆ ಅಭಿಮಾನಿಗಳ ಜಾಲತಾಣದಲ್ಲಿ ಯಾರೋ ಒಂದೊಂದನ್ನೇ ಬಣ್ಣಿಸಿ ಬರೆಯುತ್ತಿದ್ದರು. ಹೆಸರಿಲ್ಲ, ಚಿತ್ರವಿಲ್ಲ, ಬರೀ ಬರಹ.

ರಾಜೇಂದ್ರನಿಗೆ ಈ ಆಟವೆಂದರೆ ತಾತ್ಸಾರ. ಅದನ್ನು ಆಡುವವರೆಂದರೆ ಇನ್ನೂ ತಾತ್ಸಾರ. ಮೀಸೆ ಬಂದ ಗಂಡಸರು ಗೊಂಬೆ ಹಿಡಿಯಲು ಕೂರುವುದನ್ನು ನೋಡಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ತಂಡದಲ್ಲಿ ಅಂಥವನು ಸೀನ ಒಬ್ಬನೇ. ಹೊಸ ಪ್ರಾಣಿ ಪರದೆಯ ಮೇಲೆ ಬಂದಾಗಲೆಲ್ಲ “ಅಯ್ಯೋ, ಎಷ್ಟು ಚೆನ್ನಾಗಿದೆ ಸಾರ್!” ಎನ್ನುತ್ತಿದ್ದ. ಕಳ್ಳನನ್ನು ಹಿಡಿಯಲು ರಾಜೇಂದ್ರನಿಗೆ ಅಷ್ಟು ಸಾಕಾಗಿತ್ತು.

ಮ್ಯಾನೇಜರ್ ಊರ್ಮಿಳಾಳ ಕೋಣೆಯಲ್ಲಿ ಸೀನನನ್ನು ನಿಲ್ಲಿಸಿಕೊಂಡು ಅವನು ಆ ಬರಹವನ್ನು ಗಟ್ಟಿಯಾಗಿ ಓದಿದ. “‘ದುಂಡು ಮೈ, ಹೊಂಬಣ್ಣ. ಮಳೆ ಬಂದರೆ ಅಳುವ ಪುಟ್ಟ ಜೀವ. ಯಾರೂ ಇದನ್ನು ಗದರಿಸಬೇಡಿ.’ ನೋಡಿ ಮೇಡಂ. ಸಂಬಳಕ್ಕೆ ಕೆಲಸ ಮಾಡೋರು ಹಿಂಗೆ ಬರೀತಾರಾ? ಇದು ಹುಚ್ಚು ಹಿಡಿದವನ ಕೆಲಸ.”

“ಸಾರ್, ಅದರ ಮೈ ನೀಲಿ,” ಎಂದ ಸೀನ. “ದಿನಾ ನೋಡ್ತೀನಿ. ನಾನು ಬರೆದಿದ್ರೆ ಬಣ್ಣ ತಪ್ಪು ಬರೀತಿದ್ನಾ? ಇದನ್ನ ಕಣ್ಣಲ್ಲಿ ನೋಡ್ದೇ ಇರೋರು ಬರ್ದಿದ್ದಾರೆ.”

“ಬೇಕಂತಲೇ ತಪ್ಪು ಬರ್ದಿದ್ದಾನೆ ಮೇಡಂ. ಎಂಥಾ ತಲೆ ನೋಡಿ!”

ಊರ್ಮಿಳಾಳ ಫೋನ್ ಮತ್ತೆ ಬಡಿದುಕೊಂಡಿತು. ಮೇಲಿನವರು ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಅವರಿಗೆ ಒಬ್ಬ ಕಳ್ಳ ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಸೀನನ ಕೊರಳಿನ ಐಡಿ ಕಾರ್ಡ್ ಅವಳ ಮೇಜಿನ ಮೇಲಿತ್ತು. ಅವನು ಅಳಲಿಲ್ಲ. ಬಾಗಿಲಲ್ಲಿ ನಿಂತು, “ಆ ಆಟ ಬಿಡುಗಡೆ ಆದಾಗ ಕೊನೇಲಿ ಪರದೆ ಮೇಲೆ ನನ್ನ ಹೆಸರೂ ಬರುತ್ತೆ ಅಂತ ಅಮ್ಮನಿಗೆ ಹೇಳಿದ್ದೆ ಸಾರ್,” ಎಂದಷ್ಟೇ ಹೇಳಿ ಹೊರಟುಹೋದ.

ರಾತ್ರಿ ಕಾಡುಗೋಡಿಯ ಮನೆಯಲ್ಲಿ ಊಟಕ್ಕೆ ಕೂತ ರಾಜೇಂದ್ರ ಬೀಗುತ್ತಿದ್ದ. ಅವನು ದಿನವೂ ಊಟದ ಜೊತೆಗೆ ಆಫೀಸಿನವರನ್ನೂ ಆ ಪ್ರಾಣಿಗಳನ್ನೂ ಬೈಯುತ್ತಿದ್ದ. ಹೆಂಡತಿ ವೇಣಿ ‘ಹೂಂ’ ಎನ್ನುತ್ತಾ ಬಡಿಸುತ್ತಿದ್ದಳು. ಗೋಡೆಗೆ ಹೇಳಿದ್ದರೂ ಅವನ ಎದೆ ಅಷ್ಟೇ ಹಗುರಾಗುತ್ತಿತ್ತು. ಗೋಡೆ ಮೊಸರು ಬಡಿಸುವುದಿಲ್ಲ ಎಂಬುದಷ್ಟೇ ಕೊರತೆ.

“ಕೊನೆಗೂ ಹಿಡಿದೆ ಕಣೇ. ಆ ಸೀನ. ಮಳೆ ಬಂದ್ರೆ ಅಳೋ ಆ ಬೋಂಡ ಪ್ರಾಣಿ ಬಗ್ಗೆ ಹೆತ್ತ ಮಗು ಅನ್ನೋ ಹಂಗೆ ಬರ್ದಿದ್ದ. ಅಲ್ಲೇ ಸಿಕ್ಕಿಬಿದ್ದ.”

“ಕೆಲಸ ಹೋಯ್ತಾ?”

“ಹೋಗದೆ?”

“ಒಪ್ಕೊಂಡ್ನಾ?”

“ಕಳ್ಳ ಎಲ್ಲಾದ್ರೂ ಒಪ್ಕೋತಾನಾ? ನಿಂಗಿದೆಲ್ಲ ಗೊತ್ತಾಗಲ್ಲ, ಬಿಡು.”

“ಪಾಪ, ಮನೇಲಿ ಯಾರಿದ್ದಾರೋ.”

“ತಾಯಿ ಇದ್ದಾಳೆ. ಅತ್ತಿಬೆಲೆ ಕಡೆ ಯಾವ್ದೋ ಫ್ಯಾಕ್ಟರೀಲಿ ಕೆಲಸ.” ರಾಜೇಂದ್ರ ಅನ್ನಕ್ಕೆ ಸಾರು ಕಲೆಸಿಕೊಂಡ. “ಇನ್ನು ಒಂದಕ್ಷರ ಹೊರಗೆ ಹೋಗಲ್ಲ. ಕೊನೇ ಪ್ರಾಣಿ ಇವತ್ತು ಸಾಯಂಕಾಲ ಬಂತು, ನನ್ನ ಮೆಷಿನ್‌ಗೆ ಮಾತ್ರ. ಎಲ್ಲಕ್ಕಿಂತ ದೊಡ್ಡದಂತೆ! ಹರಿದ ಕೊಡೆ ಮಡಚಿಟ್ಟ ಹಂಗಿದೆ. ಅದರ ಮರಿ ಹಿಡಿದ್ರೆ ಬೆಟ್ಟ ದಾಟಿ ಹುಡುಕ್ಕೊಂಡು ಬರುತ್ತಂತೆ. ಥೂ, ಇದನ್ನ ಯೋಚನೆ ಮಾಡೋಕೂ ಸಂಬಳ ಕೊಡ್ತಾರೆ!”

ವೇಣಿ ‘ಹೂಂ’ ಎನ್ನಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ. ಮೊಸರಿಗೆ ಕೈಚಾಚಿದ.

ಮರುದಿನ ಊರ್ಮಿಳಾ ಅವನನ್ನು ಕರೆಸಿದಳು. ಕೂರಲು ಹೇಳಲಿಲ್ಲ. ಕಂಪ್ಯೂಟರನ್ನು ಅವನ ಕಡೆಗೆ ತಿರುಗಿಸಿದಳು.

‘ಎಲ್ಲರಿಗಿಂತ ದೊಡ್ಡವಳು ಕೊನೆಗೆ ಬರುತ್ತಾಳೆ. ರೆಕ್ಕೆ ಮಡಚಿ ನಿಂತ ತಾಯಿ. ಮರಿಯನ್ನು ಯಾರಾದರೂ ಕೊಂಡೊಯ್ದರೆ ಬೆಟ್ಟಗಳನ್ನೇ ದಾಟಿ ಹುಡುಕಿಕೊಂಡು ಬರುತ್ತಾಳೆ.’

ರಾಜೇಂದ್ರ ಅದನ್ನು ಎರಡು ಸಲ ಓದಿದ.

“ಇದು ಬಂದಾಗ ಸೀನ ಇಲ್ಲಿರಲೇ ಇಲ್ಲ,” ಎಂದಳು ಊರ್ಮಿಳಾ. “ನೋಡಿದ್ದು ನೀವೊಬ್ರೇ. ನಾನೂ ನೋಡಿಲ್ಲ, ಇದು ಕೊನೇ ಪ್ರಾಣಿ ಅಂತ ಮೇಲಿನವ್ರು ಹೇಳಿದ್ಮೇಲೇ ಗೊತ್ತಾಯ್ತು. ಆ ಹುಡುಗನ್ನ ವಾಪಸ್ ಕರೆಸ್ತಾ ಇದೀನಿ. ನಿಮ್ಮ ಕಾರ್ಡ್ ಇಲ್ಲಿಡಿ.”

“ಮೇಡಂ, ನಾನು... ಇಂಥಾ ದರಿದ್ರ ಆಟದ ಬಗ್ಗೆ ನಾನ್ಯಾಕೆ ಬರೀಲಿ?”

“ಹಂಗಾದ್ರೆ ಯಾರಿಗೆ ಹೇಳಿದ್ರಿ?”

“ದೇವರಾಣೆಗೂ ಯಾರಿಗೂ ಹೇಳಿಲ್ಲ ಮೇಡಂ!”

ಅವನು ಸುಳ್ಳು ಹೇಳುತ್ತಿರಲಿಲ್ಲ. ಇಡೀ ರಾತ್ರಿಯನ್ನು ನೆನಪಿಸಿಕೊಂಡರೂ, ತಾನು ಬಾಯಿಬಿಟ್ಟದ್ದನ್ನು ಕೇಳಿದ ಒಬ್ಬ ಮನುಷ್ಯನೂ ಅವನಿಗೆ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಕಾಡುಗೋಡಿಯಲ್ಲಿ, ಮೊದಲನೇ ಪೀಳಿಗೆಯಿಂದಲೂ ಆ ಆಟವನ್ನು ಬಿಡದೆ ಆಡಿಕೊಂಡು ಬಂದಿದ್ದ ವೇಣಿ, ಸೀನನಿಗಾಗಿ ತಾನು ಬರೆದ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದಿಕೊಂಡು ಕಂಪ್ಯೂಟರ್ ಆರಿಸಿದಳು.